ಪ್ರಾತ್ಯಕ್ಷಿಕೆಯ ನೀರು

ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಎಂದು ಹೊಗಳಿಸಿಕೊಂಡೇ ಬೆಳೆದವನು ನಾನು. ಕೋರ್ಟಿಗೆ ಕೊಡುವ ಭಾವನ ಹೇಳಿಕೆ ಬರೆದುಕೊಡಲು ಅಕ್ಕ ನನ್ನನ್ನೇ ಕರೆದದ್ದೂ ಅದಕ್ಕೇ. ಬೇರೆ ಯಾರನ್ನಾದರೂ ಕರೆದಿದ್ದರೆ ಅವರು ಕಾಗೆ ಕಾಲು ಗುಬ್ಬಿ ಕಾಲು ಗೀಚಿಯಾದರೂ ಭಾವ ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತಿದ್ದರು. ನಾನು ಮುತ್ತಿನಂಥ ಅಕ್ಷರದಲ್ಲಿ ಸುಳ್ಳು ಬರೆದೆ.

ಭಾವ ಒಂದು ದೊಡ್ಡ ಶಾಲೆಯ ಆಟದ ಮೈದಾನ ನೋಡಿಕೊಳ್ಳುವ ಮಾಲಿ. ಓಟದ ಪಥದ ಮೇಲೆ, ಬೇಲಿಯ ಬುಡದಲ್ಲಿ, ಪ್ರೇಕ್ಷಕರು ಕೂರುವ ಮೆಟ್ಟಿಲುಗಳ ಸಂದಿಯಲ್ಲಿ ಹುಲ್ಲು ತಲೆ ಎತ್ತದ ಹಾಗೆ ಹತ್ತೊಂಬತ್ತು ವರ್ಷ ಬೆನ್ನಿಗೆ ಟ್ಯಾಂಕು ಹೊತ್ತು ಕಳೆ ಔಷಧಿ ಹೊಡೆದವರು. ಹೋದ ವರ್ಷ ಗಡ್ಡ ಬೋಳಿಸಿಕೊಳ್ಳುವಾಗ ಕುತ್ತಿಗೆಯ ಪಕ್ಕ ಒಂದು ಗಂಟು ಕೈಗೆ ಸಿಕ್ಕಿತು. ಸೊಳ್ಳೆ ಕಚ್ಚಿರಬೇಕು ಎಂದು ಎರಡು ತಿಂಗಳು ಸುಮ್ಮನಿದ್ದರು. ಆಮೇಲೆ ಕಂಕುಳಲ್ಲೂ ಕಂಡಿತು. ದುಗ್ಧರಸ ಗ್ರಂಥಿಯ ಕ್ಯಾನ್ಸರ್ ಎಂದರು ಆಸ್ಪತ್ರೆಯಲ್ಲಿ. ಔಷಧಿಯಿಂದಲೇ ಬಂತು ಎಂದು ಯಾವ ಡಾಕ್ಟರೂ ಎದೆ ತಟ್ಟಿ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಅದೇ ಔಷಧಿ ಹೊಡೆದು ಅದೇ ಕಾಯಿಲೆಗೆ ಬಿದ್ದ ಅರವತ್ತಮೂರು ಜನರನ್ನು ಒಬ್ಬ ವಕೀಲೆ ಒಟ್ಟು ಮಾಡಿ ಅದನ್ನು ತಯಾರಿಸುವ ಕಂಪನಿಯ ಮೇಲೆ ದಾವೆ ಹೂಡಿದ್ದರು. ಅರವತ್ತಮೂರನೆಯವರು ನಮ್ಮ ಭಾವ.

ಆ ಕಂಪನಿಯಲ್ಲಿ ನಾನು ಹನ್ನೊಂದು ವರ್ಷ ಕೆಲಸ ಮಾಡಿದ್ದೆ. ಮಾರುವವನಾಗಿ ಅಲ್ಲ, ಡೆಮೊ ಕೊಡುವವನಾಗಿ. ಕಾಗದಪತ್ರದಲ್ಲಿ ಅದಕ್ಕೆ ಪ್ರಾತ್ಯಕ್ಷಿಕೆ ಎನ್ನುತ್ತಿದ್ದರು. ಯಾವುದೋ ತೋಟ, ಯಾವುದೋ ಶಾಲೆ, ಯಾವುದೋ ಕಾರ್ಖಾನೆಯ ಆವರಣ. ಮೂವತ್ತು ನಲವತ್ತು ಜನ ಅರ್ಧಚಂದ್ರಾಕಾರವಾಗಿ ನಿಂತಿರುತ್ತಿದ್ದರು. ನಾನು ಟ್ಯಾಂಕು ಹೊತ್ತು ನಡುವೆ ನಿಂತು ಮಾತಾಡುತ್ತಿದ್ದೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆ ನನ್ನಂಥವನನ್ನು ನೋಡಿಯೇ ಹುಟ್ಟಿರಬೇಕು. ಕಂಪನಿಯಲ್ಲಿ ನನ್ನನ್ನು ಮಾತಿನಮಲ್ಲ ಎಂದೇ ಕರೆಯುತ್ತಿದ್ದರು.

ಡೆಮೊಗೆ ಒಂದು ಪದ್ಧತಿಯಿತ್ತು. ಹತ್ತು ದಿನ ಮೊದಲೇ ನಮ್ಮ ಕಡೆಯ ಒಬ್ಬ ಬಂದು ಒಂದು ಪಟ್ಟಿಯಷ್ಟು ಜಾಗಕ್ಕೆ ನಿಜವಾದ ಔಷಧಿ ಹೊಡೆದು ಹೋಗಿರುತ್ತಿದ್ದ. ಡೆಮೊ ದಿನ ಜನ ಬಂದು ನೋಡಿದಾಗ ಆ ಪಟ್ಟಿ ಒಣಗಿ ಹಳದಿಯಾಗಿರುತ್ತಿತ್ತು. ಅದರ ಪಕ್ಕದ ಹಸಿರು ಹುಲ್ಲಿನ ಮೇಲೆ ನಾನು ಹೊಡೆದು ತೋರಿಸುತ್ತಿದ್ದೆ. ಆದರೆ ನನ್ನ ಟ್ಯಾಂಕಿನಲ್ಲಿ ಇರುತ್ತಿದ್ದದ್ದು ಬರೀ ನೀರು. ಗಾಳಿ ಬಂದರೆ ದೊಡ್ಡವರ ಬಟ್ಟೆಯ ಮೇಲೆ ಬೀಳುತ್ತದೆ, ಯಾರಾದರೂ ಕೆಮ್ಮಿದರೆ ಕಂಪನಿಯ ಮರ್ಯಾದೆ ಹೋಗುತ್ತದೆ ಎಂದು ಮೇಲಿನವರ ಅಪ್ಪಣೆ. ನಾವದನ್ನು ಡೆಮೊ ನೀರು ಎನ್ನುತ್ತಿದ್ದೆವು. ಅದು ನಮಗಷ್ಟೇ ಗೊತ್ತು, ನಿಂತು ನೋಡುವವರಿಗೆ ಗೊತ್ತಿಲ್ಲ.

ಇಲ್ಲಿಯವರೆಗಿನದು ಕಂಪನಿಯ ಪಾಪ. ಮುಂದಿನದು ನನ್ನದು. ಟ್ಯಾಂಕಿನ ಕೊಳವೆಯ ತುದಿಯಲ್ಲಿರುವ ನಾಜಲ್‌ಗೆ ಕಸ ಕಟ್ಟಿಕೊಂಡರೆ ಅದನ್ನು ಬಿಚ್ಚಿ ಸಣ್ಣ ಬ್ರಶ್ಶಿನಿಂದ ತಿಕ್ಕಬೇಕು, ಬಾಯಿಗಿಡಬಾರದು ಎಂದು ಕೈಪಿಡಿಯಲ್ಲಿ ಬರೆದಿತ್ತು. ನನಗೆ ಕೊಟ್ಟಿದ್ದ ಬ್ರಶ್ಶು ಮೊದಲ ತಿಂಗಳಲ್ಲೇ ಎಲ್ಲೋ ಬಿದ್ದುಹೋಯಿತು. ಒಂದು ದಿನ ಡೆಮೊ ನಡುವೆ ನಾಜಲ್ ಕಟ್ಟಿತು. ಹೇಗೂ ನೀರು ತಾನೆ ಎಂದು ಬಿಚ್ಚಿ ಬಾಯಿಗಿಟ್ಟು ಊದಿದೆ. ಪೀಪಿಯ ಹಾಗೆ ಸದ್ದು ಬಂತು. ಜನ ನಕ್ಕರು. ನಗಿಸಿದ ಮೇಲೆ ಮಾರುವುದು ಸುಲಭ ಎಂದು ನಮ್ಮ ಮಾರಾಟದವನು ಬೆನ್ನು ತಟ್ಟಿದ. ಅಂದಿನಿಂದ ಕಟ್ಟಲಿ ಬಿಡಲಿ, ಪ್ರತಿ ಡೆಮೊದಲ್ಲೂ ನಾಜಲ್ ಬಿಚ್ಚಿ ಊದಿದೆ. “ಎಲ್ಲದಕ್ಕೂ ಸಾಮಾನು ಹುಡುಕ್ತಾ ಕೂತ್ರೆ ಆಗುತ್ತಾ? ದೇವರು ಬಾಯಿ ಕೊಟ್ಟಿಲ್ವಾ?” ಎನ್ನುವುದು ನನ್ನ ಖಾಯಂ ಡೈಲಾಗು.

ಭಾವನ ಶಾಲೆಗೆ ಆ ಔಷಧಿ ಬಂದದ್ದೂ ನನ್ನಿಂದಲೇ. ಅದಕ್ಕೂ ಮೊದಲು ಅವರು ಕುಡುಗೋಲು ಹಿಡಿದು ಕೂತಲ್ಲೇ ಸರಿಯುತ್ತಾ ಇಡೀ ಮೈದಾನದ ಕಳೆ ತೆಗೆಯುತ್ತಿದ್ದರು. ಸಂಜೆ ಮನೆಗೆ ಬಂದರೆ ಸೊಂಟ ನೆಟ್ಟಗಾಗಲು ಅರ್ಧ ಗಂಟೆ ಬೇಕಾಗುತ್ತಿತ್ತು. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ತಲೆ ಬಾಚಿ, ತುತ್ತು ಕೊಟ್ಟು ಸಾಕಿದವಳು ಅಕ್ಕ. ಅವಳು ನನ್ನನ್ನು ಏನನ್ನಾದರೂ ಕೇಳಿದ್ದೇ ಅಪರೂಪ. ಅವತ್ತು ಕೇಳಿದಳು: ನಿಮ್ಮ ಕಂಪನಿಯಲ್ಲಿ ಇವರ ಸೊಂಟ ಉಳಿಸುವಂಥದ್ದು ಏನಾದರೂ ಇದೆಯೇನೋ? ನಾನು ಎದೆಯುಬ್ಬಿಸಿ ಮುಖ್ಯೋಪಾಧ್ಯಾಯರ ಹತ್ತಿರ ಹೋದೆ. ಮೈದಾನದಲ್ಲಿ ಡೆಮೊ ಇಟ್ಟೆ. ಮುಂದಿನ ಸಾಲಿನಲ್ಲಿ ಭಾವ ನಿಂತು, ನಾನು ನಾಜಲ್ ಊದಿದಾಗ ಎಲ್ಲರಿಗಿಂತ ಜೋರಾಗಿ ನಕ್ಕರು. ಅವರಿಗೆ ನನ್ನ ಬಗ್ಗೆ ಹೆಮ್ಮೆ ಇತ್ತು.

ಶಾಲೆಯ ಬಾವಿಯ ನೀರಿನಲ್ಲಿ ಸಣ್ಣ ಮರಳು ಬರುತ್ತಿತ್ತು. ಟ್ಯಾಂಕಿಗೊಂದು ಸಲವಾದರೂ ನಾಜಲ್ ಕಟ್ಟುತ್ತಿತ್ತು. ಭಾವ ಹತ್ತೊಂಬತ್ತು ವರ್ಷ ಊದಿದರು. ಹೆಂಡತಿಗೆ ಕೊಟ್ಟ ಮುತ್ತಿಗಿಂತ ನಾಜಲ್‌ಗೆ ಕೊಟ್ಟದ್ದೇ ಜಾಸ್ತಿ ಎಂದು ಜೊತೆಯವರು ರೇಗಿಸುತ್ತಿದ್ದರಂತೆ. ಬಾಯೆಲ್ಲ ಸಾಬೂನು ಕಚ್ಚಿದ ಹಾಗಾಗುತ್ತೆ, ಒಂದು ಟೀ ಕುಡಿದರೆ ಸರಿಹೋಗುತ್ತೆ ಎಂದು ಭಾವ ಒಮ್ಮೆ ನನ್ನೆದುರಿಗೇ ಹೇಳಿದ್ದುಂಟು. ಆಗಲೂ ನಾನು ಬೇಡ ಎನ್ನಲಿಲ್ಲ. ಕೈಪಿಡಿ ನೆನಪಾಗಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ನೆನಪಾಯಿತು, ಆದರೆ ನಾನೇ ಹೇಳಿಕೊಟ್ಟದ್ದನ್ನು ನಾನೇ ತಪ್ಪು ಎನ್ನಲು ನಾಲಿಗೆ ಏಳಲಿಲ್ಲ.

ವಕೀಲೆ ಕೊಟ್ಟ ಹೇಳಿಕೆಯ ನಮೂನೆಯಲ್ಲಿ ನಲವತ್ತೆರಡು ಪ್ರಶ್ನೆಗಳಿದ್ದವು. ಮೈದಾನದ ಹಿಂದಿನ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ, ಕಿಟಕಿಯ ಪಕ್ಕದ ಮಂಚದ ಮೇಲೆ ಭಾವ ಕೂತಿದ್ದರು. ಚಿಕಿತ್ಸೆಗೆ ಕೂದಲೆಲ್ಲ ಉದುರಿ, ಉಣ್ಣೆಯ ಟೋಪಿ ಹಾಕಿದ್ದರು. ಕಣ್ಣು ಮಂಜಾಗಿತ್ತು, ಆದರೂ ಕಿಟಕಿಯಿಂದ ಮೈದಾನ ನೋಡುವುದನ್ನು ಬಿಟ್ಟಿರಲಿಲ್ಲ. ಅವರ ಜಾಗಕ್ಕೆ ಬಂದ ಹೊಸಬ ಓಟದ ಪಥಕ್ಕೆ ಸುಣ್ಣದ ಗೆರೆ ಸೊಟ್ಟ ಎಳೆದಿದ್ದಾನೆ, ಆ ಗೆರೆ ಹಿಡಿದು ಓಡಿದ ಮಕ್ಕಳು ನೇರ ಕಾಂಪೌಂಡಿಗೆ ಹೋಗಿ ಗುದ್ದುತ್ತವೆ ಎಂದು ಅಂದೂ ಬೈಯುತ್ತಿದ್ದರು. ನಾನು ಒಂದೊಂದೇ ಪ್ರಶ್ನೆ ಓದಿದೆ. ದಿನಕ್ಕೆ ಎಷ್ಟು ಟ್ಯಾಂಕು, ಕೈಗವಸು ಕೊಟ್ಟಿದ್ದರೇ, ಬಟ್ಟೆ ಎಲ್ಲಿ ಒಗೆಯುತ್ತಿದ್ದಿರಿ. ಬಟ್ಟೆಯ ಪ್ರಶ್ನೆಗೆ ಅಕ್ಕ ಒಳಗಿನಿಂದಲೇ ಉತ್ತರ ಕೊಟ್ಟಳು. ಹದಿನೇಳನೆಯದು ಬಂತು: ಔಷಧಿ ಬಳಸುವ ವಿಧಾನವನ್ನು ನಿಮಗೆ ಯಾರು, ಯಾವಾಗ, ಹೇಗೆ ಹೇಳಿಕೊಟ್ಟರು?

ಭಾವ ನಕ್ಕರು. “ಬರಿ, ನೀನೇ ಹೇಳಿಕೊಟ್ಟೆ ಅಂತ. ನಾಜಲ್ ಊದೋದನ್ನೂ ಬರಿ. ಏನನ್ನೂ ಬಿಡಬಾರದು ಅಂದಿದಾರೆ ಆ ಮೇಡಂ.”

ನಾನು ಪೆನ್ನು ಹಿಡಿದು ಬರೆದೆ: ಯಾರೂ ಹೇಳಿಕೊಡಲಿಲ್ಲ.

ಬರೆದೆಯಾ ಎಂದು ಭಾವ ಕೇಳಿದರು. ಬರೆದೆ ಎಂದೆ. ಕೊನೆಗೆ ನಾನು ಬೆರಳಿಟ್ಟು ತೋರಿಸಿದಲ್ಲೆಲ್ಲ ಸಹಿ ಮಾಡಿದರು. ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎಂಬ ಲೆಕ್ಕ ನನ್ನದು. ತರಬೇತಿಯೇ ಕೊಟ್ಟಿಲ್ಲ ಎಂದರೆ ಕಂಪನಿಯ ತಪ್ಪು ಇನ್ನೂ ದೊಡ್ಡದಾಗುತ್ತದೆ, ಭಾವನಿಗೆ ಒಳ್ಳೆಯದೇ ಆಗುತ್ತದೆ ಎಂದು ಬಸ್ಸಿನಲ್ಲಿ ಬರುವಾಗ ನನಗೆ ನಾನೇ ಡೆಮೊ ಕೊಟ್ಟುಕೊಂಡೆ. ನಿಜ ಏನೆಂದರೆ, ಅಕ್ಕನಿಗೆ ಗೊತ್ತಾಗುವುದು ನನಗೆ ಬೇಡವಾಗಿತ್ತು. ಊದುವುದು ಹಾನಿ ಎಂದು ನಾಳೆ ಕೋರ್ಟಿನಲ್ಲಿ ಯಾರಾದರೂ ಹೇಳಿದರೆ ಅವಳು ನನ್ನ ಕಡೆ ತಿರುಗಿ ನೋಡುತ್ತಾಳೆ. ಆ ನೋಟಕ್ಕೆ ಹೆದರಿ ಬರೆದೆ.

ನಾಲ್ಕು ತಿಂಗಳ ಮೇಲೆ ವಕೀಲೆ ನನಗೇ ಫೋನು ಮಾಡಿದರು. ಅವರ ಆಫೀಸು ಒಂದು ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲ ತುಂಬ ಹೊಸ ಚರ್ಮದ ವಾಸನೆ. ಅರವತ್ತಮೂರು ಫೈಲುಗಳು ಗೋಡೆಗೆ ಒರಗಿದ್ದವು. ಅವರು ಭಾವನ ಫೈಲು ಬಿಚ್ಚಿ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟರು. ಒಂದು ನಾನು ಬರೆದ ಹೇಳಿಕೆ. ಇನ್ನೊಂದು ಕಂಪನಿಯವರು ಕೋರ್ಟಿಗೆ ಕೊಟ್ಟ ಹಳೆಯ ರಿಜಿಸ್ಟರಿನ ಜೆರಾಕ್ಸ್. ಶಾಲೆಯ ಮೈದಾನದಲ್ಲಿ ಪ್ರಾತ್ಯಕ್ಷಿಕೆ, ಹಾಜರಿದ್ದವರು ಮೂವತ್ತೆರಡು ಜನ, ಕೈಪಿಡಿಯ ಪ್ರಕಾರ ಸುರಕ್ಷಿತ ಬಳಕೆಯ ತರಬೇತಿ ನೀಡಲಾಗಿದೆ. ಎರಡನೆಯ ಸಾಲಿನಲ್ಲಿ ಭಾವನ ಸಹಿ. ಕೆಳಗೆ ತರಬೇತುದಾರನ ಸಹಿ.

“ಈ ಹೇಳಿಕೆಯ ಅಕ್ಷರ ಯಾರದು?” ಎಂದು ಕೇಳಿದರು.

“ನಂದು.”

“ಈ ರಿಜಿಸ್ಟರಿನ ಅಕ್ಷರ?”

“ಅದೂ ನಂದೇ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸಿಟ್ಟು ಮಾಡಿಕೊಂಡಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಪಾಠ ಹೇಳುವವರ ಹಾಗೆ ನಿಧಾನವಾಗಿ ವಿವರಿಸಿದರು. ತರಬೇತಿಯೇ ಇರಲಿಲ್ಲ ಎಂದು ಈ ಮನುಷ್ಯ ಪ್ರಮಾಣ ಮಾಡಿದ್ದಾನೆ, ಇಗೋ ಅವನದೇ ಸಹಿ, ಇವನು ಸುಳ್ಳುಗಾರ ಎಂದು ಕಂಪನಿ ವಾದಿಸುತ್ತಿದೆ. ಭಾವನ ಹೆಸರನ್ನು ದಾವೆಯಿಂದ ಕೈಬಿಡಬೇಕೆಂದು ಅರ್ಜಿ ಹಾಕಿದೆ. ಒಬ್ಬರು ಸುಳ್ಳುಗಾರ ಎಂದಾದರೆ ಉಳಿದ ಅರವತ್ತೆರಡು ಜನರ ಮಾತಿನ ಮೇಲೂ ಕಲ್ಲು ಬೀಳುತ್ತದೆ. ಎರಡು ವಾರದಲ್ಲಿ ವಿಚಾರಣೆ. ಆ ಉತ್ತರ ಹೇಗೆ ಬಂತು, ಆ ಡೆಮೊದಲ್ಲಿ ನಿಜವಾಗಿ ಏನು ಹೇಳಿಕೊಟ್ಟಿರಿ ಎಂದು ನೀವೇ ಬಂದು ಹೇಳಬೇಕು. ಇಲ್ಲವಾದರೆ ಅವರನ್ನು ಉಳಿಸಿಕೊಳ್ಳಲು ನನ್ನಿಂದಾಗದು ಎಂದರು. ಭಾವನಿಗೆ ಇನ್ನೂ ಈ ವಿಷಯ ತಿಳಿಸಿಲ್ಲ, ನೀವು ಹೇಳುತ್ತೀರೋ ನಾನು ಹೇಳಲೋ ಎಂದೂ ಕೇಳಿದರು. ನಾನೇ ಹೇಳುತ್ತೇನೆ ಎಂದೆ. ಧೈರ್ಯದಿಂದ ಅಂದದ್ದಲ್ಲ. ಅಕ್ಕ ಇದನ್ನು ಮೂರನೆಯವರ ಬಾಯಲ್ಲಿ ಕೇಳುವುದನ್ನು ನೆನೆಸಿಕೊಳ್ಳಲು ಆಗಲಿಲ್ಲ, ಅಷ್ಟೆ.

ಮರುದಿನ ಬೆಳಿಗ್ಗೆ ಹೋದೆ. ಅಕ್ಕ ಮಂಚದ ತುದಿಯಲ್ಲಿ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದಳು. ಭಾವ ಟೋಪಿ ಸರಿಮಾಡಿಕೊಂಡು, ಬಾರಪ್ಪ ಮಾತಿನಮಲ್ಲ, ಎರಡು ದಿನದಿಂದ ಮಾತಾಡುವವರಿಲ್ಲದೆ ಬಾಯಿ ತುಕ್ಕು ಹಿಡಿದಿದೆ ಎಂದರು. ನಾನು ಕೂರಲಿಲ್ಲ. ಹದಿನೇಳನೇ ಪ್ರಶ್ನೆಗೆ ನಾನು ಬರೆದದ್ದು ಬೇರೆ ಎಂದು ಹೇಳಿದೆ. ರಿಜಿಸ್ಟರಿನ ವಿಷಯ, ಕಂಪನಿಯ ಅರ್ಜಿಯ ವಿಷಯ, ಎಲ್ಲ ಹೇಳಿದೆ. ಭಾವ ಮೊದಲು ಅರ್ಥವಾಗದವರ ಹಾಗೆ ನೋಡಿದರು. ನಾನು ಸುಳ್ಳುಗಾರ ಅಂತಲಾ ಅವರು ಹೇಳುತ್ತಿರುವುದು ಎಂದು ಕೇಳಿದರು. ಹೌದೆಂದೆ.

“ನಾನು ಸರಿಯಾಗೇ ಹೇಳಿದ್ನಲ್ಲ,” ಎಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಮಗು ಮಾಡದ ತಪ್ಪಿಗೆ ಪೆಟ್ಟು ತಿಂದಾಗ ಹೇಳುವ ಹಾಗಿತ್ತು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಕೋರ್ಟಿಗೆ ಬೇಕಾದದ್ದು ಅಷ್ಟೇ ಎಂದು ಒಳಗಿನ ಮಾತಿನಮಲ್ಲ ಹೇಳುತ್ತಲೇ ಇದ್ದ. ಆದರೆ ಅಕ್ಕ ಮಡಚುತ್ತಿದ್ದ ಅಂಗಿಯನ್ನು ಹಾಗೇ ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದಳು.

“ಇನ್ನೊಂದಿದೆ ಭಾವ. ಅವತ್ತು ನಾನು ಊದಿ ತೋರಿಸಿದಾಗ ಟ್ಯಾಂಕಲ್ಲಿ ಔಷಧಿ ಇರಲಿಲ್ಲ.”

“ಮತ್ತೆ?”

“ಬರೀ ನೀರು. ಎಲ್ಲಾ ಕಡೆ ನೀರೇ ಇರ್ತಿತ್ತು. ಬಾಯಿಗಿಡಬಾರದು ಅಂತ ಪುಸ್ತಕದಲ್ಲೇ ಬರೆದಿತ್ತು. ನನಗೆ ಗೊತ್ತಿತ್ತು.”

ಅಕ್ಕ ಎದ್ದಳು. ಮಡಚಿದ ಬಟ್ಟೆಗಳನ್ನು ಎತ್ತಿಕೊಂಡು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಬೈಯುತ್ತಾಳೆ, ಅಳುತ್ತಾಳೆ, ಇನ್ನು ಈ ಮನೆಗೆ ಕಾಲಿಡಬೇಡ ಎನ್ನುತ್ತಾಳೆ ಎಂದೆಲ್ಲ ದಾರಿಯುದ್ದಕ್ಕೂ ಸಿದ್ಧವಾಗಿ ಬಂದಿದ್ದೆ. ಆ ಕೋಣೆಯಿಂದ ಒಂದು ಸದ್ದೂ ಬರಲಿಲ್ಲ. ನನ್ನನ್ನು ಸಾಕಿದ ಕೈ ಅದು. ಅವಳ ಗಂಡನಿಗೆ ನಾನು ಮಾಡಿದ್ದು ಇದು. ನೆಲ ಬಾಯಿ ಬಿಡಬಾರದೇ ಎನ್ನಿಸಿತು.

ಭಾವ ಕಿಟಕಿಯ ಕಡೆ ತಿರುಗಿಕೊಂಡರು. ಹೊರಗೆ ಮಕ್ಕಳಿಗೆ ಡ್ರಿಲ್ ನಡೆಯುತ್ತಿತ್ತು. ಆ ಕಡೆಯಿಂದ ಮುಖ ತಿರುಗಿಸದೆಯೇ, ಕಾಗದ ಇದೆಯಾ ಎಂದು ಕೇಳಿದರು. ನನ್ನ ಮೇಲೆ ಏನೋ ಬರೆಸುತ್ತಾರೆ ಎಂದುಕೊಂಡೆ. ಸಮಾಧಾನವೇ ಆಯಿತು. ವಕೀಲೆ ಕೊಟ್ಟಿದ್ದ ಕಂಪನಿಯ ಅರ್ಜಿಯ ಪ್ರತಿ ತೆಗೆದು, ಖಾಲಿ ಹಿಂಬದಿ ಮೇಲೆ ಮಾಡಿ ಮೊಣಕಾಲ ಮೇಲಿಟ್ಟುಕೊಂಡೆ.

“ಬರಿ,” ಎಂದರು. “ಆಸ್ಪತ್ರೆ ತೋಟದ ಹೆಂಗಸು. ಸ್ಮಶಾನದ ಮಾಲಿ. ಬಸ್ ಡಿಪೋದಲ್ಲಿ ಒಬ್ಬ ಎಡಗೈಯವ ಇದ್ದಾನಲ್ಲ, ಅವನು. ಹೆಣ್ಣುಮಕ್ಕಳ ಶಾಲೆಯಲ್ಲಿ ಇಬ್ಬರು ಅಣ್ಣ ತಮ್ಮ.”

“ಇವರೆಲ್ಲ ಯಾರು ಭಾವ?”

“ನಾನು ಕಲಿಸಿದವರು.”

ಅವರ ಮೈದಾನ ಕನ್ನಡಿಯ ಹಾಗಿರುತ್ತದೆ ಎಂದು ಎಲ್ಲೆಡೆ ಹೆಸರಾಗಿತ್ತು. ಹೊಸಬರು ಯಾರಾದರೂ ಔಷಧಿ ಹೊಡೆಯುವ ಕೆಲಸಕ್ಕೆ ಸೇರಿದರೆ ಒಂದು ದಿನ ಅವರ ಹತ್ತಿರ ಕಳಿಸುತ್ತಿದ್ದರು. ಅದು ನನಗೆ ಗೊತ್ತೇ ಇರಲಿಲ್ಲ. ಒಟ್ಟು ಒಂಬತ್ತು ಜನ. ಒಬ್ಬೊಬ್ಬರ ಕೈಗೂ ನಾಜಲ್ ಕೊಟ್ಟು, ಹೀಗಿಟ್ಟುಕೊಂಡು ಹೀಗೆ ಊದಿ ಎಂದು ತೋರಿಸಿ, ಅವರ ಕೈಲೂ ಊದಿಸಿ ಕಳಿಸಿದ್ದರಂತೆ.

“ನೀನು ನೀರಲ್ಲಿ ಕಲಿಸಿದೆ,” ಎಂದರು ಭಾವ. “ನಾನು ಔಷಧಿಯಲ್ಲೇ ಕಲಿಸಿದೆ.”

ನಿಮಗೇನು ಗೊತ್ತಿತ್ತು ಭಾವ, ನಿಮ್ಮದು ತಪ್ಪಲ್ಲ ಎಂದು ಏನೇನೋ ಹೇಳಿದೆ. ಅವರು ಕೈ ಎತ್ತಿ ಸುಮ್ಮನಿರಿಸಿದರು. ಕ್ಷಮೆ ಕೇಳಲು ಬಂದವನು ನಾನು. ಅದನ್ನು ಕೊಡಲು ಅವರಿಗೆ ಪುರುಸೊತ್ತೇ ಇರಲಿಲ್ಲ. ನನಗಿಂತ ದೊಡ್ಡ ತಪ್ಪು ಅವರದೆಂಬಂತೆ ಆ ಒಂಬತ್ತು ಜನರ ಹಿಂದೆ ಬಿದ್ದರು.

ವಿಚಾರಣೆಗೆ ಹನ್ನೆರಡು ದಿನವಿತ್ತು. ಆ ಹನ್ನೆರಡು ದಿನವೂ ಆಟೋದಲ್ಲಿ ಅವರನ್ನು ಕರೆದುಕೊಂಡು ತಿರುಗಿದೆ. ಹೊರಡುವಾಗ ಅಕ್ಕ ಅವರ ಹೆಗಲಿಗೆ ಶಾಲು ಹೊದಿಸಿ ಕೈಗೆ ಮಾತ್ರೆ ಕೊಡುತ್ತಿದ್ದಳು. ನನ್ನ ಕಡೆ ನೋಡುತ್ತಿರಲಿಲ್ಲ. ಎಡಗೈಯವ ಎರಡು ವರ್ಷದ ಹಿಂದೆಯೇ ಕೆಲಸ ಬಿಟ್ಟು ಲಾರಿ ಓಡಿಸುತ್ತಿದ್ದ. ಬಾಯಲ್ಲಿ ಊದಿದರೆ ಏನೂ ಆಗಲ್ಲ ಬಿಡಿ ಮಾವ, ನಾವು ಊದದೇ ಇರುವುದು ಏನಿದೆ ಎಂದು ನಗಾಡಿ ನಮಗೇ ಟೀ ಕುಡಿಸಿದ. ಅಣ್ಣ ತಮ್ಮಂದಿರಲ್ಲಿ ಅಣ್ಣ, ಈಗ ಬಂದು ಹೇಳಿ ನಮ್ಮ ನೆಮ್ಮದಿ ಯಾಕೆ ಕೆಡಿಸುತ್ತೀರಿ ಎಂದು ಗೇಟಿನಿಂದಲೇ ಕಳಿಸಿದ. ಸ್ಮಶಾನದ ಮಾಲಿ ಹೋದ ವರ್ಷವೇ ತೀರಿಕೊಂಡಿದ್ದರು. ಯಾವ ಕಾಯಿಲೆಯೆಂದು ಅವರ ಹೆಂಡತಿಗೆ ಸರಿಯಾಗಿ ಗೊತ್ತಿರಲಿಲ್ಲ. ಹೊಟ್ಟೆಯದೋ ರಕ್ತದ್ದೋ ಎಂದಳು. ಯಾಕೆ ಕೇಳುತ್ತಿದ್ದೀರಿ ಎಂದೂ ಕೇಳಿದಳು. ನಾನೇ ಹೇಳಿದೆ. ಆಕೆ ಎಲ್ಲವನ್ನೂ ಕೇಳಿಸಿಕೊಂಡು, ಬಂದು ಹೇಳಿದಿರಲ್ಲ, ಅಷ್ಟಾಯಿತು ಎಂದಳು. ಆ ಮಾತಿನಿಂದ ನಮಗಿಬ್ಬರಿಗೂ ಏನೂ ಹಗುರವಾಗಲಿಲ್ಲ.

ಆಸ್ಪತ್ರೆಯ ತೋಟದ ಹೆಂಗಸು ಕೆಲಸದಲ್ಲೇ ಇದ್ದಳು. ಗೇಟಿನಲ್ಲಿ ಭಾವನನ್ನು ಕಂಡ ಕೂಡಲೇ ಮುಖ ಅರಳಿತು. ಎಷ್ಟು ಸೊರಗಿದ್ದೀರಿ ಅಣ್ಣ ಎಂದಳು. ಬನ್ನಿ, ನನ್ನ ಕೆಲಸ ನೋಡಿ, ನೀವು ಕಲಿಸಿದ ಒಂದನ್ನೂ ಮರೆತಿಲ್ಲ ಎಂದು ಹೆಗಲ ಮೇಲಿದ್ದ ಟ್ಯಾಂಕಿನ ಕೊಳವೆ ಎತ್ತಿ, ನಾಜಲ್ ಬಿಚ್ಚಿ ಬಾಯಿಗಿಟ್ಟಳು. ಮನೆಯೊಳಗೆ ಗೋಡೆ ಹಿಡಿದು ನಡೆಯುತ್ತಿದ್ದ ಭಾವ ಅವಳ ಹತ್ತಿರಕ್ಕೆ ಓಡಿದರು. ಅವರು ಓಡಿದ್ದನ್ನು ನಾನು ಕೊನೆಯ ಸಲ ನೋಡಿದ್ದು ಅವತ್ತೇ. ನಾಜಲ್ ಕಿತ್ತುಕೊಂಡು, ಉಸಿರು ಸಿಗದೆ, ಅವಳ ಮುಂದೆ ಹುಲ್ಲಿನ ಮೇಲೆ ಕೂತುಬಿಟ್ಟರು. ನಾನು ಬೆನ್ನು ಸವರಲು ಹೋದರೆ ನನ್ನ ಕೈ ತಳ್ಳಲಿಲ್ಲ. ಅದೊಂದೇ ಅವರು ನನಗೆ ಕೊಟ್ಟದ್ದು.

ವಿಚಾರಣೆ ನಡೆದದ್ದು ನಾನು ಅಂದುಕೊಂಡಿದ್ದಂಥ ದೊಡ್ಡ ಹಾಲಿನಲ್ಲಲ್ಲ. ಕೋರ್ಟಿನ ಹಿಂಬದಿಯ ಒಂದು ಕೋಣೆ. ಉದ್ದನೆಯ ಮೇಜು, ಒಂದು ತುದಿಯಲ್ಲಿ ಹೇಳಿಕೆ ಪಡೆಯುವ ಅಧಿಕಾರಿ, ಪಕ್ಕದಲ್ಲಿ ಟೈಪಿಸ್ಟ್ ಹುಡುಗಿ, ಎದುರಿಗೆ ಕಂಪನಿಯ ವಕೀಲರು. ಗೋಡೆಯ ಬದಿಯ ಬೆಂಚಿನಲ್ಲಿ ಭಾವ ಮತ್ತು ಅಕ್ಕ. ನಮ್ಮ ವಕೀಲೆ ಕೇಳಿದ್ದಕ್ಕೆಲ್ಲ ಇದ್ದದ್ದು ಇದ್ದ ಹಾಗೆ ಹೇಳಿದೆ. ಭಾವ ಏನು ಬರಿ ಎಂದರು, ನಾನು ಏನು ಬರೆದೆ, ಯಾಕೆ ಬರೆದೆ. ಟ್ಯಾಂಕಿನಲ್ಲಿ ಏನಿತ್ತು, ನಾನು ಏನನ್ನು ಬಾಯಿಗಿಟ್ಟೆ. ಟೈಪಿಸ್ಟ್ ಎಲ್ಲವನ್ನೂ ಒಂದೇ ಸಮನೆ ಕುಟ್ಟಿಕೊಂಡಳು.

ಆಮೇಲೆ ಕಂಪನಿಯ ವಕೀಲರು ಎದ್ದರು. ವಯಸ್ಸಾದವರು, ಬಹಳ ಮರ್ಯಾದೆಯ ಮಾತು. ಇವರು ನಿಮ್ಮ ಅಕ್ಕನ ಗಂಡ ಅಲ್ಲವೇ ಎಂದು ಮೊದಲು ಕೇಳಿದರು. ಹೌದೆಂದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮುಂದಿನ ಪ್ರಶ್ನೆ ಬಂತು.

“ಅಂದ್ರೆ ಮನೆಯವರು ಎದುರಿಗಿದ್ರು ಅಂತ ಸಲುಗೆಯಲ್ಲಿ ಅವತ್ತೊಂದು ದಿನ ಮಾಡಿದ ತಮಾಷೆ ಅದು. ಕಂಪನಿಯ ತರಬೇತಿಗೂ ಅದಕ್ಕೂ ಸಂಬಂಧ ಇಲ್ಲ. ಅಲ್ವಾ?”

ಅವರ ಮುಖದಲ್ಲಿ ಕರುಣೆಯಂಥದ್ದು ಇತ್ತು. ನನಗಾಗಿಯೇ ಒಂದು ಬಾಗಿಲು ತೆರೆದು ಹಿಡಿದಿದ್ದರು. ಹೌದು ಎಂದರೆ ನನ್ನ ತಪ್ಪು ಒಂದೇ ದಿನದ್ದು, ಒಬ್ಬರ ಮೇಲಿನದು, ಅದೂ ತಮಾಷೆಯದು. ಅವರು ಹೇಳಿಕೊಟ್ಟ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಬೆಂಚಿನ ಕಡೆ ನೋಡಿದೆ. ಭಾವ ಮೊಣಕಾಲ ಮೇಲೆ ಆ ಒಂಬತ್ತು ಹೆಸರಿನ ಹಾಳೆ ಇಟ್ಟುಕೊಂಡು, ಇನ್ನೂ ಸಿಕ್ಕದ ಇಬ್ಬರ ಹೆಸರಿನ ಮೇಲೆ ಬೆರಳಾಡಿಸುತ್ತಿದ್ದರು.

“ಅಲ್ಲ,” ಎಂದೆ. “ಹೋದ ಕಡೆಯೆಲ್ಲ ಊದಿ ತೋರಿಸ್ತಿದ್ದೆ.”

ಮುಂದಿನ ಪ್ರಶ್ನೆ ಕೇಳಿದ್ದು ವಕೀಲರಲ್ಲ, ಅಧಿಕಾರಿ. ಎಷ್ಟು ಕಡೆ ಎಂದರು. ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಲೆಕ್ಕ ಹಾಕಿರಲಿಲ್ಲ. ವಾರಕ್ಕೆ ಎರಡು ಎಂದೆ. ವರ್ಷದಲ್ಲಿ ಎಂಟು ತಿಂಗಳು. ಹನ್ನೊಂದು ವರ್ಷ. ಒಂದೊಂದು ಕಡೆ ಎಷ್ಟು ಜನ ಇರುತ್ತಿದ್ದರು ಎಂದು ಕೇಳಿದರು. ಮೂವತ್ತು ಎಂದೆ, ಕೆಲವು ಕಡೆ ನಲವತ್ತು. ಅಧಿಕಾರಿ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಗುಣಿಸಿದರು. ಬಂದ ಸಂಖ್ಯೆಯನ್ನು ಬಾಯಿಬಿಟ್ಟು ಹೇಳದೆ ಪೆನ್ಸಿಲು ಕೆಳಗಿಟ್ಟರು. ಟೈಪಿಸ್ಟ್ ಕೈ ನಿಲ್ಲಿಸಿ ಅವರ ಮುಖ ನೋಡಿದಳು. ನಾನೂ ಮನಸ್ಸಿನಲ್ಲೇ ಗುಣಿಸಿದ್ದೆ. ಇಪ್ಪತ್ತು ಸಾವಿರ ದಾಟಿತ್ತು. ಅವರಲ್ಲಿ ಯಾರ್ಯಾರು ಇನ್ನೆಷ್ಟು ಜನರಿಗೆ ಕಲಿಸಿದರೋ, ಅದನ್ನು ಗುಣಿಸಲು ಯಾವ ಲೆಕ್ಕವೂ ಗೊತ್ತಿರಲಿಲ್ಲ.

ಭಾವನ ಹೆಸರು ದಾವೆಯಲ್ಲಿ ಉಳಿಯಿತು. ತಿದ್ದಿದ ಹೇಳಿಕೆಗೆ ಸಹಿ ಹಾಕಿಸಲು ವಕೀಲೆ ಅವರನ್ನು ಒಳಗೇ ಕೂರಿಸಿಕೊಂಡರು. ಈ ಸಲ ಆ ಹುಡುಗಿ ಟೈಪ್ ಮಾಡಿದ್ದನ್ನು ಎರಡೆರಡು ಸಲ ಓದಿ ಹೇಳಿದರಂತೆ. ನಾನು ಹೊರಗೆ ಬಂದು ಪಡಸಾಲೆಯ ಬೆಂಚಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಅಕ್ಕ ಬಂದು ಪಕ್ಕದಲ್ಲಿ ಕೂತಳು. ಹನ್ನೆರಡು ದಿನದಿಂದ ಅವಳು ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡಳು.

“ನಿಮ್ಮ ಭಾವ ಒಂಬತ್ತು ಜನಕ್ಕೇ ನಿದ್ದೆ ಬಿಟ್ಟಿದ್ದಾರೆ,” ಎಂದಳು. “ನೀನು ಹೇಗೆ ಮಲಗ್ತೀಯೋ?”

ಚುಚ್ಚಲೆಂದು ಕೇಳಿದ್ದಲ್ಲ. ಚಿಕ್ಕಂದಿನಲ್ಲಿ ನನಗೆ ಜ್ವರ ಬಂದಾಗ ಹಣೆ ಮುಟ್ಟಿ ಕೇಳುತ್ತಿದ್ದಳಲ್ಲ, ಅದೇ ದನಿ. ಅವಳಿಗೆ ಇನ್ನೊಂದು ಸುಳ್ಳು ಹೇಳಲು ನನ್ನಿಂದಾಗಲಿಲ್ಲ.

“ಇಷ್ಟು ವರ್ಷವೂ ಚೆನ್ನಾಗೇ ನಿದ್ದೆ ಮಾಡಿದೀನಿ ಅಕ್ಕ,” ಎಂದೆ.